ಬೆಳ್ಳಿತೆರೆಯ ದನಗಾಹಿ

ಕರ್ನಾಟಕದ ಹಳ್ಳಿಗಳಲ್ಲಿ ತಿರುಗಾಡಿದವರಿಗೆ ವೀರಗಲ್ಲುಗಳು ಹೊಸವಲ್ಲ. ಕೆರೆಯ ಏರಿಯ ಮೇಲೋ, ಊರಬಾಗಿಲ ಬಳಿಯೋ, ಈಶ್ವರನ ಗುಡಿಯ ಹಿಂದೆಯೋ ಅರ್ಧ ಹೂತು ನಿಂತಿರುವ ಆ ಕಲ್ಲುಗಳ ಬರಹಗಳಲ್ಲಿ ಮೂರು ಮಾತುಗಳು ಮತ್ತೆ ಮತ್ತೆ ಬರುತ್ತವೆ: ತುರುಗೋಳ್, ಪೆಣ್ಬುಯ್ಯಲ್, ಊರಳಿವು. ಊರ ದನಗಳನ್ನು ಕಳ್ಳರು ಅಟ್ಟಿಕೊಂಡು ಹೋದಾಗ, ಹೆಣ್ಣುಮಕ್ಕಳ ಮೊರೆ ಕೇಳಿಬಂದಾಗ, ಊರಿಗೇ ಅಳಿವು ಒದಗಿದಾಗ ಒಬ್ಬ ಗಂಡಸು ಎದ್ದು ಹೋಗಿ ಕಾದಿ ಮಡಿದ ಎಂಬುದಷ್ಟೇ ಕತೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅವನನ್ನು ಮೇಲಕ್ಕೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ.

ಅಮೆರಿಕದ ಪಶ್ಚಿಮ ಸೀಮೆಯನ್ನು ಕುರಿತು ಹಾಲಿವುಡ್ಡಿನವರು ತೆಗೆದ ಸಾವಿರಾರು ಚಲಚ್ಚಿತ್ರಗಳಲ್ಲಿ ಬಹುಪಾಲನ್ನು ಈ ಮೂರು ಮಾತುಗಳ ಅಡಿಯಲ್ಲೇ ವಿಂಗಡಿಸಿಡಬಹುದು. ದನಗಳ್ಳರ ಬೆನ್ನಟ್ಟಿ ಹೋಗುವುದು ತುರುಗೋಳ್. ಅಪಹೃತಳಾದ ಹುಡುಗಿಯನ್ನು ವರ್ಷಗಟ್ಟಲೆ ಹುಡುಕುವುದು ಪೆಣ್ಬುಯ್ಯಲ್. ದರೋಡೆಕೋರರಿಂದ ಹಳ್ಳಿಯನ್ನು ಕಾಯುವುದು ಊರಳಿವು. ವ್ಯತ್ಯಾಸವಿರುವುದು ಮೇಲಿನ ಪಟ್ಟಿಕೆಯಲ್ಲಿ ಮಾತ್ರ. ನಮ್ಮ ವೀರ ದೇವಲೋಕ ಸೇರುತ್ತಾನೆ. ಅವರ ವೀರ ಕುದುರೆಯೇರಿ ಎಲ್ಲಿಗೋ ಹೊರಟುಹೋಗುತ್ತಾನೆ. ಮುಂಬಯಿಯ ಬೆಳಗಿನ ಆಟಗಳಲ್ಲಿಯೂ ಬೆಂಗಳೂರು ದಂಡಿನ ಇಂಗ್ಲಿಷ್ ಚಿತ್ರಮಂದಿರಗಳಲ್ಲಿಯೂ ಈ ಚಿತ್ರಗಳನ್ನು ನೋಡಿದ ನಮ್ಮವರಲ್ಲಿ ಎಷ್ಟೋ ಮಂದಿಗೆ ಆ ಮೂಗಿನ ಇಂಗ್ಲಿಷು ಅರ್ಧಕ್ಕಿಂತ ಹೆಚ್ಚು ತಿಳಿಯುತ್ತಿರಲಿಲ್ಲ. ಆದರೂ ಕತೆ ತಿಳಿಯದೆ ಹೊರಬಂದವರನ್ನು ನಾನು ಕಂಡಿಲ್ಲ.

ನಿಜವಾದ ಕೌಬಾಯ್ ಯಾರು? ಕೂಲಿಯ ದನಗಾಹಿ, ಅಷ್ಟೆ. 1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದಾಗ ಟೆಕ್ಸಾಸಿನ ಬಯಲುಗಳಲ್ಲಿ ಉದ್ದ ಕೊಂಬಿನ ದನಗಳು ಲಕ್ಷಗಟ್ಟಲೆ ಬೆಳೆದುಕೊಂಡಿದ್ದವು. ಅಲ್ಲಿ ಅವುಗಳಿಗೆ ಬೆಲೆಯಿಲ್ಲ. ಉತ್ತರದ ಪಟ್ಟಣಗಳಲ್ಲಿ ಅದೇ ದನಕ್ಕೆ ಹತ್ತು ಪಟ್ಟು ಬೆಲೆ. 1867ರಲ್ಲಿ ಜೋಸೆಫ್ ಮೆಕಾಯ್ ಎಂಬ ವ್ಯಾಪಾರಿ ಕ್ಯಾನ್ಸಾಸಿನ ಅಬಿಲೀನ್ ಎಂಬ ಪುಟ್ಟ ಊರಿನ ರೈಲುದಾರಿಯ ಪಕ್ಕದಲ್ಲಿ ದೊಡ್ಡಿಗಳನ್ನು ಕಟ್ಟಿಸಿದ. ಅಲ್ಲಿಗೆ ದನಗಳನ್ನು ನಡೆಸಿಕೊಂಡು ಬಂದರೆ ರೈಲಿನಲ್ಲಿ ಮುಂದಕ್ಕೆ ಕಳುಹಿಸಬಹುದು. ಎರಡು ಮೂರು ಸಾವಿರ ದನಗಳ ಒಂದು ಮಂದೆಗೆ ಹತ್ತು ಹನ್ನೆರಡು ಜನ. ದಿನಕ್ಕೆ ಹದಿನಾರರಿಂದ ಇಪ್ಪತ್ತನಾಲ್ಕು ಕಿಲೋಮೀಟರ್ ನಡಿಗೆ. ತಿಂಗಳಿಗೆ ಮೂವತ್ತು ನಲವತ್ತು ಡಾಲರ್ ಸಂಬಳ. ರಾತ್ರಿ ದನಗಳು ಬೆದರದಂತೆ ಸರದಿಯ ಮೇಲೆ ಸುತ್ತು ಹಾಕುತ್ತ ಹಾಡು ಹೇಳಬೇಕು. ಚಿತ್ರಗಳಲ್ಲಿ ಕಾಣುವ ಗಿಟಾರಿನ ಹಾಡುಗಾರ ದನಗಾಹಿಯ ಮೂಲ ಇದೇ. ಸಿಡಿಲಿಗೆ ಬೆದರಿ ಮಂದೆ ಓಟ ಕಿತ್ತರೆ ಅದರಡಿ ಸಿಕ್ಕವನ ಗತಿ ಮುಗಿಯಿತು. ಹೊಳೆ ದಾಟುವಾಗ ಮುಳುಗುವುದು, ಕುದುರೆಯಿಂದ ಬೀಳುವುದು, ರಿಕಾಪಿನಲ್ಲಿ ಕಾಲು ಸಿಕ್ಕಿ ಎಳೆದಾಡಲ್ಪಡುವುದು, ಇವೇ ಅವನನ್ನು ಕೊಲ್ಲುತ್ತಿದ್ದವು. ಪಿಸ್ತೂಲಿನ ಗುಂಡು ಅಪರೂಪ. ಕ್ಯಾನ್ಸಾಸಿನ ಐದು ದನಪೇಟೆಗಳಲ್ಲಿ 1870ರಿಂದ 1885ರವರೆಗೆ ನಡೆದ ಕೊಲೆಗಳನ್ನು ರಾಬರ್ಟ್ ಡಿಕ್‌ಸ್ಟ್ರಾ ಎಂಬ ಇತಿಹಾಸಕಾರರು ಹುಡುಕಿ ಎಣಿಸಿದರು. ಒಟ್ಟು 45. ನಮ್ಮ ಕಣ್ಣೆದುರಿಗೆ ಒಂದೇ ಚಿತ್ರದ ಕಡೆಯ ಹತ್ತು ನಿಮಿಷಗಳಲ್ಲಿ ಇದಕ್ಕಿಂತ ಹೆಚ್ಚು ಹೆಣ ಬಿದ್ದದ್ದುಂಟು!

ಈ ದನಗಾಹಿಗಳಲ್ಲಿ ನಾಲ್ವರಲ್ಲಿ ಒಬ್ಬ ಕರಿಯನಿದ್ದನೆಂದು ಇತಿಹಾಸಕಾರರ ಅಂದಾಜು. ಮೆಕ್ಸಿಕೋದವರೂ ಬಹಳ ಮಂದಿ. ಲ್ಯಾಸೊ, ರಾಂಚ್, ರೋಡಿಯೊ ಎಂಬ ಮಾತುಗಳೆಲ್ಲ ಸ್ಪ್ಯಾನಿಷ್ ಭಾಷೆಯವು. ಹಳೆಯ ಚಿತ್ರಗಳಲ್ಲಿ ಇವರ ಮುಖ ಕಾಣುವುದು ಅಡಿಗೆಯವನಾಗಿ ಇಲ್ಲವೆ ಕಳ್ಳನಾಗಿ. 1874ರಲ್ಲಿ ಜೋಸೆಫ್ ಗ್ಲಿಡನ್ ಎಂಬವನು ಮುಳ್ಳುತಂತಿಗೆ ಹಕ್ಕುಪತ್ರ ಪಡೆದ. ಬಯಲಿಗೆ ಬೇಲಿ ಬಿತ್ತು. 1886-87ರ ಕಡುಚಳಿಗಾಲದಲ್ಲಿ ದನಗಳು ರಾಶಿರಾಶಿಯಾಗಿ ಸತ್ತವು. ಕೇವಲ ಇಪ್ಪತ್ತು ವರ್ಷ ನಡೆದ ಕಸುಬು ಅದು. ಅದರ ಕತೆಯನ್ನು ಹೇಳಲು ಹೊರಟ ಚಲಚ್ಚಿತ್ರ 1903ರ 'ದಿ ಗ್ರೇಟ್ ಟ್ರೈನ್ ರಾಬರಿ'ಯಿಂದ ಇಂದಿನವರೆಗೂ ನಿಂತಿಲ್ಲ.

ಆರೋಗ್ಯದ ಲೇಖನಗಳಿಗೆ ಜಾಗ ಕೊಡುವ ಸಂಚಿಕೆಯಾದುದರಿಂದ, ಚಿತ್ರಗಳು ಹೇಳದೆ ಬಿಟ್ಟ ಒಂದು ಕತೆಯನ್ನು ಇಲ್ಲಿ ಹೇಳಬೇಕು. ಟೆಕ್ಸಾಸಿನ ದನಗಳು ಹಾದುಹೋದ ದಾರಿಯಲ್ಲಿ ಉತ್ತರದ ರೈತರ ದನಗಳು ಜ್ವರ ಬಂದು ಸಾಯುತ್ತಿದ್ದವು. ಟೆಕ್ಸಾಸಿನವು ಮಾತ್ರ ಗಟ್ಟಿಮುಟ್ಟಾಗಿ ಮುಂದೆ ಸಾಗುತ್ತಿದ್ದವು. ರೈತರು ಕೋವಿ ಹಿಡಿದು ದಾರಿಗೆ ಅಡ್ಡ ನಿಂತರು. ಕ್ಯಾನ್ಸಾಸ್ ಸರಕಾರ ಇಂಥ ಗೆರೆಯಿಂದ ಈಚೆಗೆ ದನ ತರಕೂಡದೆಂದು ನಿರ್ಬಂಧ ಹಾಕಿತು. ತೆರೆಯ ಮೇಲೆ ನಾವು ಕಂಡ ರೈತರಿಗೂ ದನಗಾಹಿಗಳಿಗೂ ನಡೆಯುವ ಜಗಳದ ಬೇರುಗಳಲ್ಲಿ ಇದೂ ಒಂದು. ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್‌ಬೋರ್ನ್ ಎಂಬ ವಿಜ್ಞಾನಿಗಳು ಈ ಜ್ವರದ ಗುಟ್ಟನ್ನು 1893ರಲ್ಲಿ ಪ್ರಕಟಿಸಿದರು. ರೋಗಾಣುವನ್ನು ದನದಿಂದ ದನಕ್ಕೆ ಸಾಗಿಸುತ್ತಿದ್ದುದು ಉಣ್ಣೆ ಎಂಬ ಹುಳು. ಚಿಕ್ಕಂದಿನಿಂದ ಅದರ ಕಡಿತಕ್ಕೆ ಒಗ್ಗಿಹೋದ ಟೆಕ್ಸಾಸಿನ ದನ ತಾನು ಕೆಡದೆ ಇತರ ದನಗಳಿಗೆ ರೋಗ ಹರಡುತ್ತಿತ್ತು. ಕಚ್ಚುವ ಒಂದು ಜಂತು ಪ್ರಾಣಿಗಳಲ್ಲಿ ರೋಗವನ್ನು ದಾಟಿಸಬಲ್ಲದೆಂದು ಹೀಗೆ ತೋರಿಸಿಕೊಟ್ಟದ್ದು ವೈದ್ಯಲೋಕದಲ್ಲಿ ದೊಡ್ಡ ಬೆಳಕು. ನಾಲ್ಕೇ ವರ್ಷಗಳ ಮೇಲೆ, 1897ರ ಆಗಸ್ಟಿನಲ್ಲಿ, ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯದ ರೋಗಾಣುವನ್ನು ಕಂಡರು. ರಾಸ್ ಬೆಂಗಳೂರಿನಲ್ಲಿಯೂ ಕೆಲಸ ಮಾಡಿದ್ದವರು. ನೀರು ನಿಲ್ಲದಂತೆ ಮಾಡಿದರೆ ಸೊಳ್ಳೆ ಕಡಿಮೆಯಾಗುವುದೆಂದು ಅವರಿಗೆ ಮೊದಲು ಹೊಳೆದದ್ದು ಅಲ್ಲಿಯ ದಂಡಿನಲ್ಲೇ. ಹೈದರಾಬಾದಿನ ನಮ್ಮ ಬಾಂಧವರು ಈ ಇತಿಹಾಸವನ್ನು ನೆನೆಯಲು ದೂರ ಹೋಗಬೇಕಾಗಿಲ್ಲ.

ಪಶ್ಚಿಮದ ಚಿತ್ರಗಳಲ್ಲಿ ನನಗೆ ಎಂದಿಗೂ ಬೇಸರ ತಾರದ ಪಾತ್ರವೆಂದರೆ ವೈದ್ಯನದು. ಜಾನ್ ಫೋರ್ಡರ 'ಸ್ಟೇಜ್‌ಕೋಚ್' (1939) ಚಿತ್ರದಲ್ಲಿ ಡಾಕ್ಟರ್ ಬೂನ್ ಕುಡಿತದಿಂದಾಗಿ ಊರಿನಿಂದ ಹೊರಹಾಕಲ್ಪಟ್ಟವನು. ದಾರಿಯ ನಡುವೆ ಒಬ್ಬ ಬಸುರಿ ಹೆಂಗಸಿಗೆ ಹೆರಿಗೆ ನೋವು ಬರುತ್ತದೆ. ಆತ ಕಡುಕಾಫಿಯನ್ನು ಲೋಟದ ಮೇಲೆ ಲೋಟ ಕುಡಿದು, ಅಮಲನ್ನು ಇಳಿಸಿಕೊಂಡು, ನಡುಗುವ ಕೈಗಳನ್ನು ಹಿಡಿತಕ್ಕೆ ತಂದುಕೊಂಡು ಒಳಗೆ ಹೋಗುತ್ತಾನೆ. ಆ ಪಾತ್ರಕ್ಕೆ ಥಾಮಸ್ ಮಿಚೆಲ್ ಆಸ್ಕರ್ ಪಡೆದರು. ಜಾನ್ ವೇಯ್ನ್ ದೊಡ್ಡ ನಟನಾದದ್ದೂ ಅದೇ ಚಿತ್ರದಿಂದ. ಆದರೆ ನನ್ನ ನೆನಪಿನಲ್ಲಿ ಉಳಿದಿರುವುದು ಮಗುವಿನ ಅಳು ಕೇಳಿಸಿದ ಮೇಲೆ ಬಾಗಿಲಿಗೆ ಬಂದು ನಿಂತ ಮಿಚೆಲ್ಲರ ಮುಖ.

ಇನ್ನೊಬ್ಬ ವೈದ್ಯ ಕಲ್ಪನೆಯವನಲ್ಲ. ಡಾಕ್ ಹಾಲಿಡೇ ವೃತ್ತಿಯಿಂದ ದಂತವೈದ್ಯ. 1872ರಲ್ಲಿ ಫಿಲಡೆಲ್ಫಿಯದಲ್ಲಿ ಪದವಿ ಪಡೆದವನು. ತಾಯಿಯನ್ನು ಕೊಂದ ಕ್ಷಯ ಅವನಿಗೂ ತಗಲಿತು. ಒಣಹವೆಯಿಂದ ಗುಣವಾದೀತೆಂದು ಪಶ್ಚಿಮಕ್ಕೆ ಹೊರಟ. ಕೆಮ್ಮುವ ವೈದ್ಯನ ಮುಂದೆ ಬಾಯಿ ತೆರೆದು ಕೂರಲು ರೋಗಿಗಳು ಒಪ್ಪಲಿಲ್ಲ. ಇಸ್ಪೀಟು ಜೂಜು ಜೀವನವಾಯಿತು. 1881ರ ಅಕ್ಟೋಬರ್ 26ರಂದು ಅರಿಜೋನದ ಟೂಂಬ್‌ಸ್ಟೋನ್ ಪಟ್ಟಣದಲ್ಲಿ ನಡೆದ ಓಕೆ ಕೊರಾಲ್ ಕಾಳಗದಲ್ಲಿ ಅವನು ವಯಟ್ ಅರ್ಪ್ ಸೋದರರ ಪಕ್ಕದಲ್ಲಿ ನಿಂತ. ಸುಮಾರು ಮೂವತ್ತು ಸೆಕೆಂಡು, ಮೂವತ್ತರಷ್ಟು ಗುಂಡು, ಮೂರು ಸಾವು. ಆ ಅರ್ಧ ನಿಮಿಷದ ಮೇಲೆ ಎಷ್ಟು ಚಿತ್ರಗಳು ಬಂದಿವೆಯೋ! ಫೋರ್ಡರ 'ಮೈ ಡಾರ್ಲಿಂಗ್ ಕ್ಲೆಮೆಂಟೈನ್' (1946) ಚಿತ್ರದಲ್ಲಿ ಹಾಲಿಡೇ ಆ ಕಾಳಗದಲ್ಲೇ ಸಾಯುತ್ತಾನೆ. ನಿಜವಾಗಿ ಅವನು ಸತ್ತದ್ದು 1887ರಲ್ಲಿ, ಕೊಲರಾಡೋದ ಬಿಸಿನೀರಿನ ಬುಗ್ಗೆಗಳ ಊರೊಂದರಲ್ಲಿ, ಹಾಸಿಗೆಯ ಮೇಲೆ, ಮೂವತ್ತಾರನೆಯ ವಯಸ್ಸಿನಲ್ಲಿ. ಕಾಳಗ ನಡೆದ ಐದು ತಿಂಗಳ ಮೇಲೆ ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಕಂಡುಹಿಡಿದುದಾಗಿ ಸಾರಿದರು. ಔಷಧ ಬರಲು ಮಾತ್ರ ಇನ್ನೂ ಅರವತ್ತು ವರ್ಷ ಹಿಡಿಯಿತು. ಒಣಹವೆಯನ್ನೂ ಬೆಟ್ಟದ ಗಾಳಿಯನ್ನೂ ನಂಬಿ ಊರು ಬಿಟ್ಟ ಕ್ಷಯರೋಗಿಗಳು ನಮ್ಮ ದೇಶದಲ್ಲಿಯೂ ಎಷ್ಟೋ ಮಂದಿ ಇದ್ದರು. ಈಗ ಹಾಗಲ್ಲ: ಕ್ರಮ ತಪ್ಪದೆ ಪೂರ್ತಿ ಅವಧಿಗೆ ಮಾತ್ರೆ ನುಂಗಿದರೆ ಕ್ಷಯ ಗುಣವಾಗುವ ಕಾಯಿಲೆ.

ಅದೇ ಟೂಂಬ್‌ಸ್ಟೋನಿನಲ್ಲಿ ಜಾರ್ಜ್ ಗುಡ್‌ಫೆಲೋ ಎಂಬ ಶಸ್ತ್ರವೈದ್ಯರಿದ್ದರು. ಹೊಟ್ಟೆಗೆ ಗುಂಡು ಬಿದ್ದವನನ್ನು ಹಾಗೆಯೇ ಸಾಯಲು ಬಿಡುತ್ತಿದ್ದ ಆ ಕಾಲದಲ್ಲಿ, 1881ರಲ್ಲಿ, ಹೊಟ್ಟೆ ಕೊಯ್ದು ಕರುಳು ಹೊಲಿದು ರೋಗಿಯನ್ನು ಉಳಿಸಿದವರು ಅವರು. ಗುಂಡೇಟಿನಿಂದ ಸತ್ತ ಒಬ್ಬನ ಎದೆಯೊಳಗೆ ರೇಷ್ಮೆಯ ಕರವಸ್ತ್ರ ಹರಿಯದೆ ಗುಂಡಿಗೆ ಸುತ್ತಿಕೊಂಡಿದ್ದುದನ್ನು ಕಂಡು, ರೇಷ್ಮೆ ಗುಂಡನ್ನು ಎಷ್ಟರಮಟ್ಟಿಗೆ ತಡೆದೀತೆಂದು 1887ರಲ್ಲಿ ಒಂದು ಲೇಖನವನ್ನೂ ಬರೆದರು. ಇಂಥ ವೈದ್ಯರಿದ್ದ ನಾಡಿನ ಚಿತ್ರಗಳಲ್ಲಿ, ಭುಜಕ್ಕೆ ಗುಂಡು ಬಿದ್ದ ನಾಯಕ ಗಾಯಕ್ಕೆ ಕರವಸ್ತ್ರ ಕಟ್ಟಿ ಮರುದಿನವೇ ಕುದುರೆಯೇರುವುದನ್ನು ಹೇಗೆ ಒಪ್ಪಿಕೊಂಡೆವೋ ತಿಳಿಯದು. ಭುಜದ ಸಂದಿನಲ್ಲಿ ತೋಳಿಗೆ ಹೋಗುವ ದೊಡ್ಡ ರಕ್ತನಾಳವಿದೆ, ನರಗಳ ಕಟ್ಟೇ ಇದೆ. ಅಲ್ಲಿ ಗುಂಡು ಹೊಕ್ಕರೆ ಪ್ರಾಣ ಉಳಿದರೂ ಕೈ ಉಳಿಯುವುದು ಕಷ್ಟ.

ಇನ್ನು ಚಿತ್ರಗಳ ಹಿರಿಮೆಯ ಮಾತು. ಒಂದನ್ನೇ ಆರಿಸಬೇಕೆಂದರೆ ನಾನು ಫ್ರೆಡ್ ಜಿನ್ನೆಮನ್ನರ 'ಹೈ ನೂನ್' (1952) ಚಿತ್ರವನ್ನು ಆರಿಸುತ್ತೇನೆ. ಹೆಚ್ಚೆಂದರೆ ಎಂಬತ್ತೈದು ನಿಮಿಷದ ಚಿತ್ರ. ಕತೆಯೂ ಹೆಚ್ಚು ಕಡಿಮೆ ಅಷ್ಟೇ ಹೊತ್ತಿನಲ್ಲಿ ನಡೆಯುತ್ತದೆ. ಮದುವೆಯಾಗಿ ಕೆಲಸ ಬಿಟ್ಟು ಹೊರಟಿದ್ದ ಮಾರ್ಷಲ್ ವಿಲ್ ಕೇನ್‌ಗೆ ಸುದ್ದಿ ಬರುತ್ತದೆ: ತಾನು ಸೆರೆಮನೆಗೆ ಕಳುಹಿಸಿದ್ದ ಕೊಲೆಗಡುಕ ಬಿಡುಗಡೆಯಾಗಿ ಮಧ್ಯಾಹ್ನ ಹನ್ನೆರಡರ ರೈಲಿಗೆ ಬರುತ್ತಿದ್ದಾನೆ. ಕೇನ್ ಸಹಾಯಕ್ಕಾಗಿ ಮನೆಮನೆಗೆ ಹೋಗುತ್ತಾನೆ. ಇಗರ್ಜಿಯಲ್ಲಿ ಸೇರಿದ್ದ ಜನರ ಮುಂದೆ ನಿಂತು ಕೇಳುತ್ತಾನೆ. ಅಲ್ಲಿ ಒಳ್ಳೆಯ ಚರ್ಚೆ ನಡೆಯುತ್ತದೆ. ಎಲ್ಲರೂ ಅವನನ್ನು ಹೊಗಳುತ್ತಾರೆ, ಎಲ್ಲರೂ ಕೃತಜ್ಞರು, ಒಬ್ಬರಾದರೂ ಎದ್ದು ಬರುವುದಿಲ್ಲ. (ಸಂಘಗಳ ವಾರ್ಷಿಕ ಮಹಾಸಭೆಗಳನ್ನು ನಡೆಸಿದವರು ಈ ದೃಶ್ಯವನ್ನು ನೋಡಿ ನಗಲೂಬಹುದು, ನಿಟ್ಟುಸಿರು ಬಿಡಲೂಬಹುದು.) ಗೋಡೆಯ ಗಡಿಯಾರದ ಲೋಲಕ ಆಡುತ್ತಲೇ ಇರುತ್ತದೆ. ಗ್ಯಾರಿ ಕೂಪರ್ ಆಗ ಐವತ್ತು ದಾಟಿದ್ದರು. ಆ ಮುಖದಲ್ಲಿ ಕಾಣುವುದು ಶೌರ್ಯವಲ್ಲ, ಭಯ. ಭಯವಿದ್ದೂ ಅವನು ಊರು ಬಿಟ್ಟು ಹೋಗುವುದಿಲ್ಲ. ಕೊನೆಯಲ್ಲಿ ಹಗೆಗಳೆಲ್ಲ ಸತ್ತ ಮೇಲೆ ಜನ ಮನೆಗಳಿಂದ ಹೊರಬರುತ್ತಾರೆ. ಕೇನ್ ತನ್ನ ಬಿಲ್ಲೆಯನ್ನು ಕಿತ್ತು ಮಣ್ಣಿಗೆ ಎಸೆದು, ಒಂದೂ ಮಾತಾಡದೆ ಹೆಂಡತಿಯೊಡನೆ ಗಾಡಿ ಏರುತ್ತಾನೆ.

ಇದನ್ನು ಬರೆದ ಕಾರ್ಲ್ ಫೋರ್‌ಮನ್ ಆಗ ನಿಜವಾಗಿಯೇ ಕೇನ್‌ನ ಸ್ಥಿತಿಯಲ್ಲಿದ್ದರು. ಕಮ್ಯೂನಿಸ್ಟರನ್ನು ಹುಡುಕುತ್ತಿದ್ದ ಸಂಸತ್ತಿನ ಸಮಿತಿ 1951ರಲ್ಲಿ ಅವರನ್ನು ಕರೆಸಿತು; ಗೆಳೆಯರ ಹೆಸರು ಹೇಳಲು ಅವರು ಒಪ್ಪಲಿಲ್ಲ; ಕೆಲಸ ಕಳೆದುಕೊಂಡು ಇಂಗ್ಲೆಂಡಿಗೆ ಹೋದರು. ಜಾನ್ ವೇಯ್ನ್‌ಗೆ ಈ ಚಿತ್ರ ಸ್ವಲ್ಪವೂ ಸೇರಲಿಲ್ಲ. ಇದಕ್ಕೆ ಉತ್ತರವೆಂಬಂತೆ ಹೊವರ್ಡ್ ಹಾಕ್ಸ್ ಮತ್ತು ಆತ ಸೇರಿ 1959ರಲ್ಲಿ 'ರಿಯೊ ಬ್ರಾವೊ' ತೆಗೆದರು. ಅದೂ ಸೊಗಸಾದ ಚಿತ್ರವೇ. ವಿನೋದವೆಂದರೆ, ಕೂಪರ್ ಊರಲ್ಲಿಲ್ಲದ ಕಾರಣ 'ಹೈ ನೂನ್' ಚಿತ್ರದ ಆಸ್ಕರನ್ನು ವೇದಿಕೆಯ ಮೇಲೆ ಅವರ ಪರವಾಗಿ ಸ್ವೀಕರಿಸಿದವರು ಈ ಜಾನ್ ವೇಯ್ನರೇ!

'ಶೇನ್' (1953) ಚಿತ್ರದಲ್ಲಿ ಕಣ್ಣು ಒಬ್ಬ ಹುಡುಗನದು. ಎಲ್ಲಿಂದಲೋ ಬಂದ ಅಪರಿಚಿತ ರೈತನ ಮನೆಯಲ್ಲಿ ಕೆಲಸಕ್ಕೆ ನಿಲ್ಲುತ್ತಾನೆ; ಇಬ್ಬರೂ ಕೂಡಿ ಅಂಗಳದ ದೊಡ್ಡ ಮರದ ಬೊಡ್ಡೆಯೊಂದನ್ನು ಕಡಿದು ಉರುಳಿಸುತ್ತಾರೆ. ಪಿಸ್ತೂಲನ್ನು ಅವನು ಮತ್ತೆ ಕೈಗೆತ್ತಿಕೊಳ್ಳುವುದು ಬಹಳ ತಡವಾಗಿ, ಬೇರೆ ದಾರಿಯೇ ಇಲ್ಲವೆಂದಾದಾಗ. ಹಾಗೆ ಎತ್ತಿಕೊಂಡವನಿಗೆ ಆ ಮನೆಯಲ್ಲಿ ಇನ್ನು ಜಾಗವಿಲ್ಲ. ಹುಡುಗ ಹಿಂದಿನಿಂದ ಕೂಗುತ್ತಲೇ ಇರುತ್ತಾನೆ. ಪರಊರಿನಲ್ಲಿ ದುಡಿದು, ಆ ಊರಿಗೆ ಬೇಕಾದವನಾಗಿಯೂ ಹೊರಗಿನವನಾಗಿಯೇ ಉಳಿಯುವವನ ಕತೆ ಇದು. ಮಹಾನಗರಗಳಲ್ಲಿ ಬಾಳುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಚಿತ್ರಮಂದಿರದಿಂದ ಈ ದನಗಾಹಿ ಬೇಗನೆ ಮನೆಯೊಳಗಿನ ಪೆಟ್ಟಿಗೆಗೆ ಬಂದ. 'ಗನ್‌ಸ್ಮೋಕ್' ಎಂಬ ಧಾರಾವಾಹಿ ಅಮೆರಿಕದ ಟೆಲಿವಿಷನ್ನಿನಲ್ಲಿ 1955ರಿಂದ 1975ರವರೆಗೆ ಇಪ್ಪತ್ತು ವರ್ಷ, 635 ಕಂತು ನಡೆಯಿತು. 'ಬೊನಾಂಜಾ' (1959-73) ನಮ್ಮವರಿಗೆ ಬೇಗ ಹಿಡಿಸುವಂಥದು. ಏಕೆಂದರೆ ಅದು ಅವಿಭಕ್ತ ಕುಟುಂಬದ ಕತೆ. ಮೂವರು ಹೆಂಡಿರನ್ನು ಕಳೆದುಕೊಂಡ ತಂದೆ, ಒಬ್ಬೊಬ್ಬ ತಾಯಿಯ ಒಬ್ಬೊಬ್ಬ ಮಗ, ಒಂದೇ ಒಲೆ, ಒಂದೇ ಆಸ್ತಿ. ನಡುವಣ ಮಗ ಹಾಸ್ ಪಾತ್ರದ ಡ್ಯಾನ್ ಬ್ಲಾಕರ್ ಆನೆಯಂಥ ಮೈಯವರು. 1972ರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ನಂತರ, ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ, ನಲವತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡರು. ಶಸ್ತ್ರಚಿಕಿತ್ಸೆಯಾದವರನ್ನು ಆಸ್ಪತ್ರೆಯಲ್ಲಿ ಬೇಗ ಎಬ್ಬಿಸಿ ನಡೆದಾಡಿಸುವರಷ್ಟೆ. ಹಿರಿಯರು ಅದಕ್ಕೆ ಗೊಣಗುತ್ತಾರೆ. ಹೀಗೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂಬುದೇ ಅದರ ಉದ್ದೇಶ.

ಹಾಲಿವುಡ್ಡಿನ ಈ ಕತೆ ಮುಂದೆ ಹಿಡಿದ ದಾರಿ ಬಹಳ ಸ್ವಾರಸ್ಯದ್ದು. ಜಪಾನಿನ ಅಕಿರಾ ಕುರೊಸಾವಾ ಜಾನ್ ಫೋರ್ಡರ ಅಭಿಮಾನಿ. ಅವರು 1954ರಲ್ಲಿ 'ಸೆವೆನ್ ಸಮುರಾಯ್' ತೆಗೆದರು. ಅಮೆರಿಕದವರು ಅದನ್ನೇ 1960ರಲ್ಲಿ 'ದಿ ಮ್ಯಾಗ್ನಿಫಿಸೆಂಟ್ ಸೆವೆನ್' ಮಾಡಿಕೊಂಡರು. ಅವರ 'ಯೊಜಿಂಬೊ' (1961) ಇಟಲಿಯ ಸರ್ಜಿಯೊ ಲಿಯೋನೆಯ ಕೈಯಲ್ಲಿ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' (1964) ಆಯಿತು. ಅದು ಸ್ಪೇನ್ ದೇಶದಲ್ಲಿ ತೆಗೆದದ್ದು. ನಾಯಕ ಕ್ಲಿಂಟ್ ಈಸ್ಟ್‌ವುಡ್ ಅಮೆರಿಕದ 'ರಾಹೈಡ್' ಧಾರಾವಾಹಿಯಿಂದ ಹೋದವರು. ಸಿಳ್ಳೆಯೂ ಗಂಟೆಯೂ ಬೆರೆತ ಸಂಗೀತ ಎನ್ನಿಯೊ ಮೊರಿಕೋನೆಯದು. ಆ ಹೊಳೆಯ ನೀರು ದಕ್ಷಿಣ ಭಾರತಕ್ಕೂ ಹರಿಯಿತು. 1971ರಲ್ಲಿ ಕೃಷ್ಣ ನಾಯಕರಾಗಿ ಕೆ.ಎಸ್.ಆರ್. ದಾಸ್ ನಿರ್ದೇಶಿಸಿದ ತೆಲುಗು ಚಿತ್ರ 'ಮೋಸಗಾಳ್ಳಕು ಮೋಸಗಾಡು' ಆಂಧ್ರಕ್ಕೆ ಕೌಬಾಯಿಯನ್ನು ತಂದಿತು. ಇದೇ ದಾಸ್ ಮುಂದೆ 'ಕಳ್ಳ ಕುಳ್ಳ' ಮೊದಲಾದ ಕನ್ನಡ ಚಿತ್ರಗಳನ್ನೂ ಕೊಟ್ಟರು. ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' (1978) ನೇರವಾಗಿ ಕುರೊಸಾವಾಗೆ ಸಲ್ಲಿಸಿದ ಗೌರವ. ಬಾಡಿಗೆಯ ಸೈನಿಕರ ಆ ಕತೆಯಲ್ಲಿ ಪಿಸ್ತೂಲಿನ ಬದಲು ಕತ್ತಿ, ಮರುಭೂಮಿಯ ಬದಲು ಹಸಿರು ಕಾಡು. ಶಂಕರನಾಗ್ ಎಂಬ ನಟನನ್ನು ನಾಡು ಕಂಡದ್ದು ಅದರಲ್ಲಿ.

ಎಲ್ಲಕ್ಕೂ ದೊಡ್ಡ ಅಲೆ ಎದ್ದದ್ದು ಬೆಂಗಳೂರು-ಮೈಸೂರು ಹೆದ್ದಾರಿಯ ಪಕ್ಕದ ರಾಮನಗರದಲ್ಲಿ. 1975ರ ಆಗಸ್ಟ್ 15ರಂದು ತೆರೆಕಂಡ 'ಶೋಲೆ'ಯ ರಾಮಗಢ ಉತ್ತರ ಭಾರತದ ಊರೆಂಬುದು ಕತೆಯ ಮಾತು. ಆ ಬಂಡೆಗಳೆಲ್ಲ ನಮ್ಮವು. ರಮೇಶ್ ಸಿಪ್ಪಿಯವರ ತಂಡ 1973ರ ಕೊನೆಯಲ್ಲಿ ಅಲ್ಲಿಗೆ ಬಂದು ಬಂಡೆಗಳ ನಡುವೆ ಒಂದು ಊರನ್ನೇ ಕಟ್ಟಿತು. ರೈಲಿನ ದರೋಡೆಯ ದೃಶ್ಯ ಮಾತ್ರ ಮುಂಬಯಿ ಬಳಿಯ ಪನ್ವೇಲ್ ಕಡೆಯದು. ಇಬ್ಬರು ಬಾಡಿಗೆ ವೀರರು, ಒಬ್ಬ ನೊಂದ ಠಾಕೂರ, ದರೋಡೆಕೋರರ ಕೈಯಲ್ಲಿ ಸಿಕ್ಕ ಹಳ್ಳಿ: ಸಮುರಾಯ್‌ಗಳು ಏಳರಿಂದ ಎರಡಕ್ಕೆ ಇಳಿದಿದ್ದಾರೆ, ಅಷ್ಟೆ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯ ಮಿನರ್ವಾದಲ್ಲಿ ಅದು ಐದು ವರ್ಷಕ್ಕೂ ಮಿಕ್ಕಿ ನಡೆಯಿತು. ಆ ಚಿತ್ರಮಂದಿರ ಈಗಿಲ್ಲ. ಅಲ್ಲಿ ಸಾಲಿನಲ್ಲಿ ನಿಂತಿದ್ದ ಕನ್ನಡಿಗರಲ್ಲಿ ಎಷ್ಟು ಮಂದಿಗೆ ತಾವು ನೋಡುತ್ತಿರುವುದು ತಮ್ಮೂರಿಗೆ ಹೋಗುವ ದಾರಿಯ ಬೆಟ್ಟವೆಂದು ಗೊತ್ತಿತ್ತೋ! ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆಯಿರುವ ಊರದು. ಗುಂಡಿಗೂ ರೇಷ್ಮೆಗೂ ಇರುವ ನಂಟನ್ನು ಹುಡುಕಿದ ಗುಡ್‌ಫೆಲೋ ಅದನ್ನು ಕಂಡಿದ್ದರೆ ಸಂತೋಷಪಡುತ್ತಿದ್ದರು. ಅಲ್ಲಿಯ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಅಭಯಧಾಮವಾಯಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ನೋವಿನ ಔಷಧವು ಸತ್ತ ದನವನ್ನು ತಿಂದ ಹದ್ದುಗಳ ಮೂತ್ರಪಿಂಡವನ್ನು ಕೆಡಿಸಿ ದೇಶದಾದ್ಯಂತ ಅವುಗಳನ್ನು ಕೊಂದಿತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಲಾಯಿತು.

ಇಷ್ಟೆಲ್ಲ ಮೆಚ್ಚಿದ ಮೇಲೆ ಕಹಿಯಾದ ಎರಡು ಮಾತುಗಳನ್ನೂ ಆಡಲೇಬೇಕು. ಮೊದಲನೆಯದು ಆ ನೆಲದ ಮೂಲನಿವಾಸಿಗಳದು. ಫೋರ್ಡರ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ಮಾನ್ಯುಮೆಂಟ್ ಕಣಿವೆ ನವಾಹೊ ಜನರ ನೆಲ. ಅದೇ ನವಾಹೊಗಳು ಕೂಲಿಗಾಗಿ ಬೇರೆ ಬೇರೆ ಬುಡಕಟ್ಟಿನವರ ವೇಷ ಹಾಕಿ ಕುದುರೆಯಿಂದ ಉರುಳಿ ಸಾಯುತ್ತಿದ್ದರು. 'ದಿ ಸರ್ಚರ್ಸ್' (1956) ಚಿತ್ರದಲ್ಲಿ ಕೊಮಾಂಚಿ ನಾಯಕನ ಪಾತ್ರ ಮಾಡಿದವನು ಜರ್ಮನಿಯಲ್ಲಿ ಹುಟ್ಟಿದ ಬಿಳಿಯ. 1890ರ ಡಿಸೆಂಬರಿನಲ್ಲಿ ವೂಂಡೆಡ್ ನೀ ಎಂಬಲ್ಲಿ ಸೈನ್ಯ ಲಕೋಟ ಜನರ ಹೆಂಗಸರನ್ನೂ ಮಕ್ಕಳನ್ನೂ ಬಿಡದೆ ಕೊಂದಿತು. ಬೆಳ್ಳಿತೆರೆ ಅದನ್ನು ಬಹುಕಾಲ ಕಾಣಲಿಲ್ಲ. ಊರಳಿವಿನ ಕತೆಯಲ್ಲಿ ಅಳಿದದ್ದು ಯಾರ ಊರು ಎಂದು 'ಲಿಟಲ್ ಬಿಗ್ ಮ್ಯಾನ್' (1970), 'ಡಾನ್ಸಸ್ ವಿತ್ ವುಲ್ವ್ಸ್' (1990) ಮುಂತಾದ ಚಿತ್ರಗಳು ತಡವಾಗಿ ಕೇಳಿದವು. 'ಸರ್ಚರ್ಸ್' ಕೂಡ ಒಂದು ಬಗೆಯಲ್ಲಿ ಈ ಪ್ರಶ್ನೆಯನ್ನು ಮುಟ್ಟುತ್ತದೆ: ಅದರ ನಾಯಕನ ಎದೆಯಲ್ಲಿ ತುಂಬಿದ ದ್ವೇಷವನ್ನು ಅದು ಮುಚ್ಚಿಡುವುದಿಲ್ಲ.

ಎರಡನೆಯದು ಹೊಗೆ. 1950ರ ದಶಕದಲ್ಲಿ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಸಂಬಂಧವಿದೆಯೆಂದು ವೈದ್ಯರು ಹೇಳತೊಡಗಿದಾಗ ಕಂಪನಿಗಳು ತುದಿಯಲ್ಲಿ ಸೋಸಣಿಗೆಯಿಟ್ಟ ಸಿಗರೇಟನ್ನು ಮುಂದೆ ತಂದವು. ಗಂಡಸರು ಅದನ್ನು ಹೆಂಗಸರ ಸಿಗರೇಟೆಂದು ಮುಟ್ಟಲಿಲ್ಲ. 1924ರಲ್ಲಿ ಹೆಂಗಸರಿಗಾಗಿಯೇ ಹೊರಟಿದ್ದ ಮಾರ್ಲ್‌ಬರೊವನ್ನು ಗಂಡಸರಿಗೆ ಮಾರಬೇಕಾಗಿ ಬಂದಾಗ, ಷಿಕಾಗೊದ ಲಿಯೊ ಬರ್ನೆಟ್ ಎಂಬ ಜಾಹೀರಾತಿನವರು ದನಗಾಹಿಯನ್ನು ಕರೆತಂದರು. ಬಯಲು, ಕುದುರೆ, ಟೋಪಿಯ ನೆರಳಿನ ಮುಖ, ತುಟಿಯಲ್ಲಿ ಸಿಗರೇಟು. ಹಿನ್ನೆಲೆಗೆ 'ಮ್ಯಾಗ್ನಿಫಿಸೆಂಟ್ ಸೆವೆನ್' ಚಿತ್ರದ ಸಂಗೀತವನ್ನೇ ಕೊಂಡುಕೊಂಡರು. ದಿನವಿಡೀ ತೆರೆದ ಗಾಳಿಯಲ್ಲಿರುವವನ ಚಿತ್ರ ತೋರಿಸಿ ಉಸಿರು ಕಟ್ಟಿಸುವ ಸರಕನ್ನು ಮಾರಿದ ಜಾಣತನವನ್ನು ಏನೆನ್ನೋಣ! ಆ ಜಾಹೀರಾತುಗಳಲ್ಲಿ ಕಾಣಿಸಿಕೊಂಡಿದ್ದ ವೇಯ್ನ್ ಮೆಕ್‌ಲಾರನ್ 1992ರಲ್ಲಿ ಐವತ್ತೊಂದನೆಯ ವಯಸ್ಸಿಗೆ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತರು. ಸಾಯುವ ಮೊದಲು ಊರೂರು ತಿರುಗಿ ಧೂಮಪಾನದ ವಿರುದ್ಧ ಮಾತಾಡಿದರು. ಡೇವಿಡ್ ಮೆಕ್‌ಲೀನ್ 1995ರಲ್ಲಿ ಅದೇ ರೋಗಕ್ಕೆ ತುತ್ತಾದರು. ಎರಿಕ್ ಲಾಸನ್ 2014ರಲ್ಲಿ ಶ್ವಾಸನಾಳಗಳು ಕಟ್ಟಿಕೊಳ್ಳುವ ಕಾಯಿಲೆಯಿಂದ ತೀರಿಕೊಂಡರು.

ಜಾನ್ ವೇಯ್ನ್ ಸ್ವತಃ ಸಿಗರೇಟಿನ ಜಾಹೀರಾತುಗಳಲ್ಲಿ ಕಾಣಿಸಿಕೊಂಡವರು. 1964ರಲ್ಲಿ ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿಯಿತು. ಎಡಭಾಗದ ಶ್ವಾಸಕೋಶಕ್ಕೂ ಪಕ್ಕೆಲುಬುಗಳಿಗೂ ದೊಡ್ಡ ಶಸ್ತ್ರಚಿಕಿತ್ಸೆಯಾಯಿತು. ನಾಯಕನ ಹೆಸರಿಗೆ ಕುಂದೆಂದು ಸುತ್ತಲಿನವರು ಸುದ್ದಿಯನ್ನು ಮುಚ್ಚಿಡಲು ನೋಡಿದರು. ವೇಯ್ನ್ ಪತ್ರಿಕೆಯವರನ್ನು ಕರೆದು ತಾವೇ ಹೇಳಿಬಿಟ್ಟರು. ಕ್ಯಾನ್ಸರ್ ಎಂಬ ಶಬ್ದವನ್ನೇ ಜನ ಉಚ್ಚರಿಸದಿದ್ದ ಕಾಲ ಅದು. ಅವರ ಆ ಮಾತಿನಿಂದ ಎಷ್ಟೋ ಮಂದಿಗೆ ವೈದ್ಯರ ಬಳಿ ಹೋಗುವ ಧೈರ್ಯ ಬಂದಿರಬೇಕು. ತೆರೆಯ ಮೇಲಿನ ಎಲ್ಲ ಕಾಳಗಗಳಿಗಿಂತ ಇದೇ ಅವರ ದೊಡ್ಡ ಶೌರ್ಯವೆಂದು ನನ್ನ ಭಾವನೆ. ಕೊನೆಯ ಚಿತ್ರ 'ದಿ ಶೂಟಿಸ್ಟ್' (1976); ಅದರಲ್ಲಿ ಅವರದು ಕ್ಯಾನ್ಸರಿನಿಂದ ಸಾಯುತ್ತಿರುವ ಮುದಿ ಬಂದೂಕುಗಾರನ ಪಾತ್ರ. ಮೂರು ವರ್ಷಗಳ ಮೇಲೆ, 1979ರ ಜೂನ್ 11ರಂದು, ಹೊಟ್ಟೆಯ ಕ್ಯಾನ್ಸರಿನಿಂದ ನಿಧನರಾದರು. 'ಮ್ಯಾಗ್ನಿಫಿಸೆಂಟ್ ಸೆವೆನ್'ನ ಬೋಳುತಲೆಯ ನಾಯಕ ಯೂಲ್ ಬ್ರಿನ್ನರ್ 1985ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತರು. ಸತ್ತ ಮೇಲೆ ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡು, ನಾನಂತೂ ಹೋದೆ, ನೀವಾದರೂ ಸಿಗರೇಟು ಮುಟ್ಟಬೇಡಿ ಎಂಬರ್ಥದ ಮಾತು ಹೇಳಿದರು. ಅದನ್ನು ಅವರು ಬದುಕಿರುವಾಗಲೇ ಚಿತ್ರಿಸಿಡಲಾಗಿತ್ತು. 'ಗನ್‌ಸ್ಮೋಕ್'ನ ಕಿಟ್ಟಿಯಾಗಿ ಮನೆಮಾತಾಗಿದ್ದ ಅಮಾಂಡಾ ಬ್ಲೇಕ್‌ಗೆ 1977ರಲ್ಲಿ ಬಾಯಿಯ ಕ್ಯಾನ್ಸರಿಗಾಗಿ ಶಸ್ತ್ರಚಿಕಿತ್ಸೆಯಾಯಿತು. ಮಾತಾಡುವುದನ್ನು ಮತ್ತೆ ಕಲಿತುಕೊಂಡು ಅವರೂ ಧೂಮಪಾನದ ವಿರುದ್ಧ ನಿಂತರು.

ಬಾಯಿಯ ಕ್ಯಾನ್ಸರ್ ಎಂದೊಡನೆ ನಮ್ಮ ಮನೆಗಳತ್ತ ನೋಡಬೇಕು. ಅಲ್ಲಿ ಸಿಗರೇಟು, ಇಲ್ಲಿ ಬೀಡಿ, ಹೊಗೆಸೊಪ್ಪು, ಎಲೆ ಅಡಿಕೆ, ಗುಟ್ಕಾ. ಅಡಿಕೆ ನಮ್ಮ ಮಲೆನಾಡಿನ ಬದುಕು, ನಿಜ. ಆದರೆ ದಿನವಿಡೀ ದವಡೆಯಲ್ಲಿಟ್ಟುಕೊಂಡರೆ ಹೊಗೆಸೊಪ್ಪಿಲ್ಲದ ಅಡಿಕೆಯೂ ಬಾಯನ್ನು ಕೆಡಿಸುತ್ತದೆ. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಇಲ್ಲವೆ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲು ಬಾರದಿರುವುದು, ಇವುಗಳಲ್ಲಿ ಒಂದು ಕಂಡರೂ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರಿಗೆ ತೋರಿಸಬೇಕು. ಮೊದಲಲ್ಲೇ ಸಿಕ್ಕರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು.

ಅಮೆರಿಕದಲ್ಲಿ 1971ರ ಜನವರಿಯಿಂದ ಟೆಲಿವಿಷನ್ ಮತ್ತು ರೇಡಿಯೊಗಳಲ್ಲಿ ಸಿಗರೇಟಿನ ಜಾಹೀರಾತು ನಿಂತಿತು. ನಮ್ಮಲ್ಲಿ 2003ರ ಕಾಯಿದೆ ತಂಬಾಕಿನ ಜಾಹೀರಾತನ್ನು ನಿಷೇಧಿಸಿತು. 2012ರಿಂದ ಹೊಗೆಯ ದೃಶ್ಯ ಬಂದಾಗಲೆಲ್ಲ ತೆರೆಯ ಕೆಳಗೆ ಎಚ್ಚರಿಕೆಯ ಸಾಲು ಬರುತ್ತಿದೆ. ಹಳೆಯ ಚಿತ್ರಗಳನ್ನು ಮೊಮ್ಮಕ್ಕಳೊಡನೆ ಕೂತು ನೋಡುವವರು 'ಶೇನ್'ನಿಂದ ಆರಂಭಿಸಬಹುದು. ಉಪಶೀರ್ಷಿಕೆಗಳು ಬಂದಿರುವುದರಿಂದ ಆ ಮೂಗಿನ ಇಂಗ್ಲಿಷಿನ ಕಷ್ಟವೂ ಈಗಿಲ್ಲ. 'ಹೈ ನೂನ್' ಸ್ವಲ್ಪ ದೊಡ್ಡವರಾದ ಮೇಲೆ. ಇನ್ನೂ ಚಿಕ್ಕ ಮಕ್ಕಳಿಗೆ ಬೆಲ್ಜಿಯಮ್ಮಿನ ಮಾರಿಸ್ ಎಂಬ ಚಿತ್ರಕಾರ 1946ರಲ್ಲಿ ಸೃಷ್ಟಿಸಿದ ಲಕ್ಕಿ ಲೂಕ್ ಎಂಬ ನಗೆಚಿತ್ರಗಳ ದನಗಾಹಿ ಇದ್ದಾನೆ; ತನ್ನ ನೆರಳಿಗಿಂತ ಬೇಗ ಪಿಸ್ತೂಲು ಎತ್ತುವವನು. ಅವನ ಬಾಯಲ್ಲಿ ಸದಾ ಸಿಗರೇಟು ಇರುತ್ತಿತ್ತು. 1983ರಲ್ಲಿ ಮಾರಿಸ್ ಅದನ್ನು ಅಳಿಸಿ ಒಂದು ಹುಲ್ಲುಕಡ್ಡಿಯನ್ನು ಬರೆದರು. ಆ ಹುಲ್ಲುಕಡ್ಡಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 1988ರಲ್ಲಿ ಅವರಿಗೆ ಪದಕವಿತ್ತು ಗೌರವಿಸಿತು.